ಮಾತ್ರೆ ಸಿಗದ ಊರಿಗೆ ಮಿದುಳಿನ ಯಂತ್ರ ಬಂದಿದೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಪ್ರತಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ

ವಿಷಯ: ವಯಸ್ಕರ ಎಡಿಎಚ್‌ಡಿಗೆ ಮಿದುಳು ಪ್ರಚೋದನೆಯ ಹೆಸರಿನಲ್ಲಿ ನಡೆಯುತ್ತಿರುವ ಮಾರಾಟ ಮತ್ತು ಜಿಲ್ಲೆಗಳಲ್ಲಿ ಸಿಗದ ಸಾಮಾನ್ಯ ಚಿಕಿತ್ಸೆಯ ಬಗ್ಗೆ

ಮಾನ್ಯರೇ,

ನಾನು ಶಿವಮೊಗ್ಗದ ಬ್ಯಾಂಕೊಂದರ ಶಾಖೆಯಲ್ಲಿ ಕೆಲಸ ಮಾಡುತ್ತೇನೆ. ನನಗೆ ಎಡಿಎಚ್‌ಡಿ ಇದೆ. ಗಮನ ಒಂದೆಡೆ ನಿಲ್ಲದಿರುವುದು, ಒಳಗೊಳಗೇ ಚಡಪಡಿಕೆ, ಯೋಚಿಸುವ ಮೊದಲೇ ಮಾತು ಆಡಿ ಮುಗಿದಿರುವುದು ಇದರ ಮುಖ್ಯ ಲಕ್ಷಣಗಳು. ನಮ್ಮಲ್ಲಿ ಹೆಚ್ಚಿನವರು ಇದನ್ನು ಮಕ್ಕಳ ಕಾಯಿಲೆ ಎಂದೇ ತಿಳಿದಿದ್ದಾರೆ. ಹನ್ನೆರಡು ವರ್ಷ ತುಂಬುವ ಮೊದಲೇ ಲಕ್ಷಣಗಳು ಕಾಣಿಸಿರಬೇಕು ಎಂಬುದು ನಿಜ. ಆದರೆ ಬಹಳ ಮಂದಿಗೆ ಅವು ದೊಡ್ಡವರಾದ ಮೇಲೂ ಉಳಿಯುತ್ತವೆ. ಜಗತ್ತಿನ ವಯಸ್ಕರಲ್ಲಿ ಶೇ 2.5ರ ಆಸುಪಾಸಿನಷ್ಟು ಜನರಿಗೆ ಇದು ಇದೆ ಎಂಬುದು ತಜ್ಞರ ಅಂದಾಜು. ತರಗತಿಯಲ್ಲಿ ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಹುಡುಗಿಯರಲ್ಲಿ ಪತ್ತೆಯಾಗುವುದೇ ತಡ. ನನ್ನದು ಪತ್ತೆಯಾದದ್ದು ಮೂವತ್ತು ದಾಟಿದ ಮೇಲೆ. ಬೆಂಗಳೂರಿನ ಮನೋವೈದ್ಯರೊಬ್ಬರು ನನ್ನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಪ್ರಾಥಮಿಕ ಶಾಲೆಯ ಪ್ರಗತಿ ಪತ್ರಗಳನ್ನು ಒಂದೊಂದಾಗಿ ಓದಿ, ಗಂಟೆಗಟ್ಟಲೆ ಪ್ರಶ್ನೆ ಕೇಳಿದ ಬಳಿಕವೇ ಹಾಗೆಂದು ಬರೆದುಕೊಟ್ಟರು.

ಖಾತೆಯಲ್ಲಿ ಹಣವಿದ್ದೂ ಕರೆಂಟ್ ಬಿಲ್ ಕಟ್ಟದೆ ಮನೆಯ ಫ್ಯೂಸ್ ಕೀಳಿಸಿಕೊಳ್ಳುವುದು, ಗ್ರಾಹಕರ ಮಾತು ಅರ್ಧಕ್ಕೆ ಬಂದಾಗ ಮನಸ್ಸು ಇನ್ನೆಲ್ಲಿಗೋ ಹೋಗಿ ಅವರನ್ನು ಮತ್ತೆ ಕೇಳುವುದು, ಸಂಜೆ ಲೆಕ್ಕ ತಾಳೆಯಾಗದೆ ಸಹೋದ್ಯೋಗಿಗಳನ್ನೂ ಕೂರಿಸುವುದು: ಹೊರಗಿನವರಿಗೆ ಇವು ಬೇಜವಾಬ್ದಾರಿಯಂತೆ ಕಾಣುತ್ತವೆ. ಹೀಗೆ ವರ್ಷಗಟ್ಟಲೆ ಬೈಸಿಕೊಂಡವರ ಮುಂದೆ ಯಾರಾದರೂ ಬಂದು "ನಿಮ್ಮ ಮಿದುಳನ್ನು ಸರಿಪಡಿಸುತ್ತೇವೆ, ಮಾತ್ರೆ ಬೇಡ, ನೋವಿಲ್ಲ" ಎಂದರೆ ಅವರು ಕಿವಿಗೊಡದೆ ಇರಲಾರರು. ಈಗ ನಮ್ಮ ಊರುಗಳಲ್ಲಿ ಮಿದುಳು ಪ್ರಚೋದನೆಯ ಹೆಸರಿನಲ್ಲಿ, ಅಂದರೆ ತಲೆಯ ಹೊರಗಿನಿಂದ ಸಣ್ಣ ವಿದ್ಯುತ್ತನ್ನೋ ಕಾಂತ ಮಿಡಿತವನ್ನೋ ಕೊಡುವ ಚಿಕಿತ್ಸೆಯ ಹೆಸರಿನಲ್ಲಿ, ನಡೆಯುತ್ತಿರುವುದು ಅದೇ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಮೊದಲು ತಮ್ಮ ಮುಂದಿಡುತ್ತೇನೆ.

ಒಂದು ಭಾನುವಾರ ನಮ್ಮ ಊರಿನ ಹೋಟೆಲೊಂದರ ಸಭಾಂಗಣದಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದು "ಉಚಿತ ಗಮನ ತಪಾಸಣಾ ಶಿಬಿರ" ನಡೆಸಿತು. ಮೊಬೈಲಿನಲ್ಲಿ ಕನ್ನಡದಲ್ಲೇ ಜಾಹೀರಾತು ಬಂದಿತ್ತು. ಬಂದವರಲ್ಲಿ ಕಾಲೇಜು ಹುಡುಗರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದವರು, ಇಬ್ಬರು ಶಿಕ್ಷಕಿಯರು, ಗಂಡನನ್ನು ಒತ್ತಾಯದಿಂದ ಕರೆತಂದ ಹೆಂಗಸರು ಇದ್ದರು. ಪ್ರತಿಯೊಬ್ಬರ ಕೈಗೂ ಆರು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ನನಗೆ ಆ ಹಾಳೆಯ ಪರಿಚಯವಿತ್ತು. ಅದು ವಿಶ್ವ ಆರೋಗ್ಯ ಸಂಸ್ಥೆಯ ಹದಿನೆಂಟು ಪ್ರಶ್ನೆಗಳ ಸ್ವಯಂ ವರದಿ ಪಟ್ಟಿಯ ಮೊದಲ ಭಾಗ. ಹೆಚ್ಚಿನ ಪರೀಕ್ಷೆ ಬೇಕೇ ಬೇಡವೇ ಎಂದು ತಿಳಿಯಲು ಮಾತ್ರ ಅದನ್ನು ರೂಪಿಸಲಾಗಿದೆ. ಕಾಯಿಲೆ ಇದೆ ಎಂದು ತೀರ್ಮಾನಿಸಲು ಅದು ಸಾಲದು. ನಿದ್ದೆಗೆಟ್ಟವರಿಗೂ, ಖಿನ್ನತೆ ಇರುವವರಿಗೂ, ಥೈರಾಯ್ಡ್ ತೊಂದರೆ ಇರುವವರಿಗೂ ಅದರಲ್ಲಿ ಹೆಚ್ಚು ಅಂಕ ಬರಬಹುದು. ಆ ಸಭಾಂಗಣದಲ್ಲಿ ಮಾತ್ರ ಆರು ಪ್ರಶ್ನೆ ಮುಗಿಯುವುದರೊಳಗೆ "ನಿಮಗೆ ಎಡಿಎಚ್‌ಡಿ ಇದೆ" ಎಂಬ ಮಾತು ಹೊರಬೀಳುತ್ತಿತ್ತು. ಹೇಳುತ್ತಿದ್ದವರು ವೈದ್ಯರೂ ಅಲ್ಲ, ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಅಲ್ಲ. ಒಬ್ಬ ಯುವಕನ ತಾಯಿ "ಚಿಕ್ಕವನಿದ್ದಾಗ ಇವನಿಗೆ ಫಿಟ್ಸ್ ಬರುತ್ತಿತ್ತು, ಪರವಾಗಿಲ್ಲವೇ?" ಎಂದು ಕೇಳಿದರು. "ಇದರಿಂದ ಏನೂ ಆಗುವುದಿಲ್ಲ ಅಮ್ಮ" ಎಂಬ ಉತ್ತರ ಬಂತು. ಆ ಮಾತು ಯಾವ ಕಾಗದದಲ್ಲೂ ದಾಖಲಾಗಲಿಲ್ಲ. ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದ ನಾನು ಅದನ್ನು ನೋಡಿದ್ದೇನೆ.

ಆ ಕ್ಲಿನಿಕ್ಕಿಗೆ ನಾನೂ ಹೋದೆ. ಮೊದಲು ತಲೆಗೆ ಟೊಪ್ಪಿಗೆಯಂಥದ್ದನ್ನು ತೊಡಿಸಿ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ತೆಗೆದರು. ಅರ್ಧ ಗಂಟೆಯಲ್ಲಿ ಬಣ್ಣಬಣ್ಣದ ಮಿದುಳಿನ ನಕ್ಷೆ ಕೈಗೆ ಬಂತು. ಮುಂಭಾಗದಲ್ಲಿದ್ದ ಕೆಂಪು ಕಲೆಯನ್ನು ಪೆನ್ನಿನಿಂದ ತೋರಿಸಿ "ನಿಮ್ಮ ತೊಂದರೆ ಇಲ್ಲಿದೆ" ಎಂದರು. ಇಇಜಿಯ ಇಂಥ ಅಳತೆಯೊಂದನ್ನು ಆಧರಿಸಿದ ಉಪಕರಣಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2013ರಲ್ಲಿ ಅನುಮತಿ ಕೊಟ್ಟದ್ದುಂಟು. ಆದರೆ ಅದು 6ರಿಂದ 17 ವರ್ಷದವರಿಗೆ, ಅದೂ ವೈದ್ಯರ ಪೂರ್ಣ ಪರೀಕ್ಷೆಗೆ ಪೂರಕವಾಗಿ ಮಾತ್ರ. ನನ್ನಂಥ ವಯಸ್ಕಳ ಮಿದುಳಿನ ಚಿತ್ರದಲ್ಲಿ ಬೊಟ್ಟಿಟ್ಟು ಎಡಿಎಚ್‌ಡಿ ತೋರಿಸುವ ಪರೀಕ್ಷೆ ಇಂದಿಗೂ ಬಂದಿಲ್ಲ.

ಆಮೇಲೆ ಪ್ಯಾಕೇಜ್. ಅದರ ದರ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಪೂರ್ತಿ ಹಣವನ್ನು ಮುಂಗಡವಾಗಿ ಕಟ್ಟಬೇಕು, ಕಟ್ಟಿದ ಹಣ ವಾಪಸಿಲ್ಲ. ಸಮ್ಮತಿ ಪತ್ರ ಒಂದೇ ಪುಟ, ಇಂಗ್ಲಿಷಿನಲ್ಲಿ. ನನ್ನ ಪಕ್ಕದಲ್ಲಿದ್ದ ಹಾವೇರಿ ಕಡೆಯ ರೈತರೊಬ್ಬರು ಅದಕ್ಕೆ ಓದದೆಯೇ ಸಹಿ ಹಾಕಿದರು. ಓದಿ ಹೇಳಲು ಅಲ್ಲಿ ಯಾರೂ ಇರಲಿಲ್ಲ. ಕಿವಿಯಲ್ಲಿ, ತಲೆಯಲ್ಲಿ ಲೋಹದ ಸಾಧನವಿದೆಯೇ, ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಮೂರ್ಛೆ ರೋಗದ ಇತಿಹಾಸವಿದೆಯೇ, ಯಾವ ಮಾತ್ರೆ ನುಂಗುತ್ತಿದ್ದೀರಿ: ಇದ್ಯಾವುದನ್ನೂ ನನ್ನನ್ನು ಕೇಳಲಿಲ್ಲ. ನಾನಾಗಿಯೇ ಮಾತ್ರೆಯ ವಿಷಯ ಹೇಳಿದಾಗ, ಬರೆದುಕೊಟ್ಟ ವೈದ್ಯರನ್ನು ವಿಚಾರಿಸದೆ "ಇನ್ನು ಅದನ್ನು ನಿಲ್ಲಿಸಿಬಿಡಿ" ಎಂದರು.

ಚಿಕಿತ್ಸೆ ಎಂದರೆ ಉಪ್ಪುನೀರಿನಲ್ಲಿ ಅದ್ದಿದ ಎರಡು ಸ್ಪಂಜುಗಳನ್ನು ಹಣೆಯ ಎರಡೂ ಬದಿಗೆ ಪಟ್ಟಿಯಿಂದ ಬಿಗಿದು, ಅವುಗಳ ಮೂಲಕ ಸಣ್ಣ ಪ್ರಮಾಣದ ನೇರ ವಿದ್ಯುತ್ ಹರಿಸುವುದು. ಇದಕ್ಕೆ ಟಿಡಿಸಿಎಸ್ ಎಂದು ಹೆಸರು. ಒಂದು ಸ್ಪಂಜಿಗೆ ಕೆಂಪು ತಂತಿ, ಇನ್ನೊಂದಕ್ಕೆ ಕಪ್ಪು. ಮೊದಲ ಸಲ ಒಬ್ಬ ಹುಡುಗ ಕೆಂಪು ತಂತಿಯನ್ನು ಬಲಕ್ಕೆ ಹಾಕಿದ. ಮತ್ತೊಮ್ಮೆ ಹೋದಾಗ ಬೇರೊಬ್ಬಳು ಹುಡುಗಿ ಅದನ್ನು ಎಡಕ್ಕೆ ಹಾಕಿದಳು. ಏಕೆ ಬದಲಾಯಿತು ಎಂದು ಕೇಳಿದೆ. "ಎರಡೂ ಒಂದೇ ಮೇಡಂ" ಎಂದಳು. ಮಾನ್ಯರೇ, ಅವೆರಡೂ ಒಂದೇ ಅಲ್ಲ. ಒಟ್ಟಾರೆಯಾಗಿ ಹೇಳುವುದಾದರೆ ಧನ ತುದಿಯ (ಕೆಂಪು ತಂತಿ) ಕೆಳಗೆ ನರಕೋಶಗಳು ಚುರುಕಾಗುವ ಕಡೆಗೆ ವಾಲುತ್ತವೆ, ಋಣ ತುದಿಯ (ಕಪ್ಪು ತಂತಿ) ಕೆಳಗೆ ಮಂಕಾಗುವ ಕಡೆಗೆ. ಮಿದುಳಿನ ಯಾವ ಬದಿಗೆ ಯಾವುದು ಎಂಬುದೇ ಈ ಚಿಕಿತ್ಸೆಯ ತಿರುಳು. ಆ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳಿಗೆ ಯಾರೂ ಕಲಿಸಿರಲಿಲ್ಲ, ಅವಳ ಮೇಲೆ ಕಣ್ಣಿಡುವ ವೈದ್ಯರು ಆ ಮಹಡಿಯಲ್ಲೇ ಇರಲಿಲ್ಲ. ಸ್ಪಂಜು ನಡುವೆಯೇ ಒಣಗಿ ಹಣೆ ಉರಿಯತೊಡಗಿದಾಗ ಕರೆಯಲು ಗಂಟೆಯೂ ಇರಲಿಲ್ಲ. ಕಾಸಿನಗಲದ ಕೆಂಪು ಗುರುತು ವಾರ ಕಳೆದರೂ ಮಾಯಲಿಲ್ಲ. ಪ್ಯಾಕೇಜ್ ಅರ್ಧಕ್ಕೇ ಬಿಟ್ಟು ಬಂದೆ. ದೂರನ್ನು ಬರವಣಿಗೆಯಲ್ಲಿ ಕೊಟ್ಟೆ. ಸ್ವೀಕೃತಿಯೂ ಸಿಗಲಿಲ್ಲ.

ಈ ಪತ್ರವನ್ನು ಓದಿದವರು ಮಿದುಳು ಪ್ರಚೋದನೆ ಎಂಬುದೇ ಮೋಸ ಎಂದುಕೊಂಡರೆ ನನಗೆ ಬೇಸರವಾಗುತ್ತದೆ. ಹಾಗಲ್ಲ. ಶಸ್ತ್ರಚಿಕಿತ್ಸೆಯಿಲ್ಲದೆ, ಅರಿವಳಿಕೆಯಿಲ್ಲದೆ, ತಲೆಬುರುಡೆಯ ಹೊರಗಿನಿಂದಲೇ ಮಿದುಳನ್ನು ತಟ್ಟಬಹುದು ಎಂಬುದು ನಿಜವಾದ, ಗೌರವಕ್ಕೆ ಅರ್ಹವಾದ ವಿಜ್ಞಾನ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಅವರ ಜೊತೆಗಾರರು ತಲೆಯ ಹೊರಗಿಟ್ಟ ಸುರುಳಿಯ ಕಾಂತ ಮಿಡಿತದಿಂದ ಕೈಯ ಸ್ನಾಯುವನ್ನು ಅದುರಿಸಿ ತೋರಿಸಿದರು. ಅಲ್ಲಿಂದ ಬೆಳೆದ ಟಿಎಂಎಸ್ ಚಿಕಿತ್ಸೆಗೆ ಖಿನ್ನತೆಯಲ್ಲಿ 2008ರಲ್ಲೇ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಗೀಳು ಕಾಯಿಲೆಗೆ 2018ರಲ್ಲಿ ಸಿಕ್ಕಿತು. ನಮ್ಮ ನಿಮ್ಹಾನ್ಸ್‌ನಲ್ಲಿ ಇಂಥ ಚಿಕಿತ್ಸೆಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಇದಕ್ಕೂ ಜನ ಹೆದರುವ ಕರೆಂಟ್ ಶಾಕ್ ಚಿಕಿತ್ಸೆಗೂ ಸಂಬಂಧವಿಲ್ಲ. ಟಿಡಿಸಿಎಸ್‌ನಲ್ಲಿ ಬಳಸುವುದು ಒಂದೆರಡು ಮಿಲಿಆಂಪಿಯರ್ ಅಷ್ಟೇ. ಸರಿಯಾಗಿ ಮಾಡಿದರೆ ಸಾಮಾನ್ಯವಾಗಿ ಆಗುವುದು ತುರಿಕೆ, ಚುಮುಚುಮು, ಸ್ವಲ್ಪ ತಲೆನೋವು. ಟಿಎಂಎಸ್‌ನಲ್ಲಿ ಅಪರೂಪಕ್ಕೆ ಮೂರ್ಛೆ ಬರಬಹುದು. ಫಿಟ್ಸ್ ಇತ್ತೇ ಎಂದು ಕೇಳುವುದು ಅದಕ್ಕೇ ಕಡ್ಡಾಯ.

ನನ್ನ ಪ್ರಶ್ನೆ ವಯಸ್ಕರ ಎಡಿಎಚ್‌ಡಿಗೆ ಮಾತ್ರ ಸಂಬಂಧಿಸಿದ್ದು. ಅಲ್ಲಿ ಇಂದಿನ ಸ್ಥಿತಿ ಏನು? ಆಶಾದಾಯಕ ಸುದ್ದಿಯನ್ನೇ ಮೊದಲು ಹೇಳುತ್ತೇನೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯ ಸಂಶೋಧಕರು 64 ವಯಸ್ಕರಿಗೆ ಮನೆಯಲ್ಲೇ ಬಳಸುವ ಟಿಡಿಸಿಎಸ್ ಸಾಧನ ಕೊಟ್ಟು, ನಾಲ್ಕು ವಾರ, ದಿನಕ್ಕೆ 30 ನಿಮಿಷ, 2 ಮಿಲಿಆಂಪಿಯರ್‌ನಂತೆ ಪರೀಕ್ಷಿಸಿದರು. ಅರ್ಧದಷ್ಟು ಜನರಿಗೆ ಸಿಕ್ಕಿದ್ದು ಹುಸಿ ಪ್ರಚೋದನೆ. ಹುಸಿ ಎಂದರೆ ಸ್ವಲ್ಪ ಹೊತ್ತು ಮಾತ್ರ ವಿದ್ಯುತ್ ಹರಿಸಿ ಚುಮುಚುಮು ಅನ್ನಿಸಿ ನಿಲ್ಲಿಸಿಬಿಡುವುದು. ಯಾರಿಗೆ ಯಾವುದು ಎಂದು ರೋಗಿಗೆ ತಿಳಿಯುವುದಿಲ್ಲ. ನಿಜವಾದ ಪ್ರಚೋದನೆ ಪಡೆದವರಲ್ಲಿ ಗಮನದ ಕೊರತೆ ಗಮನಾರ್ಹವಾಗಿ ಕಡಿಮೆಯಾಯಿತು ಎಂದು 2022ರಲ್ಲಿ ಪ್ರಕಟವಾಯಿತು. ಅದನ್ನು ಓದಿದಾಗ ನನ್ನ ಕಣ್ಣು ತುಂಬಿತ್ತು. ಆದರೆ ಅದು 64 ಜನರ ಕಥೆ, ಗಮನ ಹೆಚ್ಚಿಸುವ ಉತ್ತೇಜಕ ಮಾತ್ರೆಗಳನ್ನು ತೆಗೆದುಕೊಳ್ಳದವರ ಕಥೆ, ನಾಲ್ಕು ವಾರಗಳ ಕಥೆ. ಇನ್ನೊಂದೆಡೆ, ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ ಎಡಿಎಚ್‌ಡಿ ಇರುವ 50 ಹುಡುಗರಿಗೆ ಮಿದುಳಿನ ವ್ಯಾಯಾಮದ ಜೊತೆ ಟಿಡಿಸಿಎಸ್ ಕೊಟ್ಟು ನೋಡಿದಾಗ ಹುಸಿ ಪ್ರಚೋದನೆಗಿಂತ ಮಿಗಿಲಾದ ಪ್ರಯೋಜನ ಕಾಣಲಿಲ್ಲ. ವಯಸ್ಕರಲ್ಲಿ ನಡೆದ ಟಿಎಂಎಸ್ ಅಧ್ಯಯನಗಳಲ್ಲೂ ಹೀಗೆಯೇ. ಕೆಲವು ಹೌದೆಂದಿವೆ, ಕೆಲವು ಇಲ್ಲವೆಂದಿವೆ. ಕ್ಲಿನಿಕ್‌ಗಳು "ಎಡಿಎಚ್‌ಡಿಗೆ ಎಫ್‌ಡಿಎ ಒಪ್ಪಿದ ನರ ಪ್ರಚೋದನೆ" ಎಂದು ತೋರಿಸುವ ಅನುಮತಿ ಬೇರೆಯೇ ಸಾಧನದ್ದು. ಮುಖದ ಟ್ರೈಜೆಮಿನಲ್ ನರವನ್ನು ರಾತ್ರಿ ನಿದ್ದೆಯಲ್ಲಿ ಪ್ರಚೋದಿಸುವ ಅದಕ್ಕೆ 2019ರಲ್ಲಿ ಅನುಮತಿ ಸಿಕ್ಕಿದ್ದು ಮಾತ್ರೆ ತೆಗೆದುಕೊಳ್ಳದ 7ರಿಂದ 12 ವರ್ಷದ ಮಕ್ಕಳಿಗೆ, ಆಧಾರವಾಗಿದ್ದುದು 62 ಮಕ್ಕಳ ಪರೀಕ್ಷೆ. ಮೂವತ್ತು ದಾಟಿದವರಿಗೆ ಅದನ್ನು ತೋರಿಸಿ ಟಿಡಿಸಿಎಸ್ ಮಾರುವುದಕ್ಕೆ ಸುಳ್ಳು ಎನ್ನದೆ ಬೇರೆ ಹೆಸರಿಲ್ಲ.

ಎಲ್ಲ ಅಧ್ಯಯನಗಳನ್ನೂ ಒಟ್ಟಿಗಿಟ್ಟು ತೂಗಿದ ಕೆಲಸವೂ ನಡೆದಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ವಯಸ್ಕರ ಎಡಿಎಚ್‌ಡಿಯ ಔಷಧ, ಮನೋಚಿಕಿತ್ಸೆ, ಮಿದುಳು ಪ್ರಚೋದನೆ ಎಲ್ಲವನ್ನೂ ಹೋಲಿಸಿ 113 ಪ್ರಯೋಗಗಳ, 14,887 ಜನರ ಮಾಹಿತಿಯನ್ನು ಪರಿಶೀಲಿಸಿದ ವರದಿ 2025ರ ಆರಂಭದಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ, ರೋಗಿಗಳು ತಾವೇ ಹೇಳಿದ ಅಳತೆಯಲ್ಲೂ ವೈದ್ಯರು ಗಮನಿಸಿದ ಅಳತೆಯಲ್ಲೂ, ಎರಡರಲ್ಲೂ ಮುಖ್ಯ ಲಕ್ಷಣಗಳನ್ನು ತಗ್ಗಿಸಿದವು ಉತ್ತೇಜಕ ಔಷಧಗಳು ಮತ್ತು ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಎಂಬ ಮಾತ್ರೆ. ಟಿಡಿಸಿಎಸ್ ಹುಸಿ ಚಿಕಿತ್ಸೆಗಿಂತ ಮೇಲಾಗಿ ಕಂಡದ್ದು ವೈದ್ಯರ ಅಳತೆಯಲ್ಲಿ ಮಾತ್ರ. ರೋಗಿಗಳ ಅಳತೆಯಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಇದರರ್ಥ ದಾರಿ ಮುಚ್ಚಿತು ಎಂದಲ್ಲ. ಇನ್ನೂ ಪರೀಕ್ಷೆ ನಡೆಯಬೇಕಾದ ಚಿಕಿತ್ಸೆ ಇದು ಎಂದು.

ಈಗ ನನ್ನ ದೂರಿನ ಮುಖ್ಯ ಅಂಶಕ್ಕೆ ಬರುತ್ತೇನೆ. ಪರೀಕ್ಷೆಯ ಹಂತದಲ್ಲಿರುವ ಚಿಕಿತ್ಸೆಯನ್ನು ಜನರ ಮೇಲೆ ಪ್ರಯೋಗಿಸುವುದಕ್ಕೆ ನಮ್ಮ ದೇಶದಲ್ಲಿ ನಿಯಮವಿದೆ. ನೈತಿಕ ಸಮಿತಿಯ ಒಪ್ಪಿಗೆ ಬೇಕು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸುವ ಕ್ಲಿನಿಕಲ್ ಟ್ರಯಲ್ ನೋಂದಣಿ ಬೇಕು, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಸಮ್ಮತಿ ಬೇಕು, ಪ್ರಯೋಗಕ್ಕೊಳಗಾದವನಿಂದ ಅದಕ್ಕಾಗಿ ಹಣ ಕೇಳಬಾರದು, ಹಾನಿಯಾದರೆ ಪರಿಹಾರ ಕೊಡಬೇಕು. ಪರೀಕ್ಷೆ ಮುಗಿದ ಚಿಕಿತ್ಸೆಯಾದರೆ ಪುರಾವೆ ತೋರಿಸಬೇಕು. ನಾನು ಕಂಡ ಕ್ಲಿನಿಕ್ ಪುರಾವೆ ಕೇಳಿದಾಗ "ಇದು ಹೊಸ ಕ್ಷೇತ್ರ, ಒಬ್ಬೊಬ್ಬರಿಗೆ ಒಂದೊಂದು ಥರ" ಎನ್ನುತ್ತದೆ, ಹಣ ಕೇಳುವಾಗ ಸಿದ್ಧ ಚಿಕಿತ್ಸೆ ಎನ್ನುತ್ತದೆ. ಚಿಕಿತ್ಸೆಗೆ ಮೊದಲೂ ಆಮೇಲೂ ಯಾವ ಅಳತೆಪಟ್ಟಿಯನ್ನೂ ತುಂಬಿಸದ ಕಡೆ, ಒಬ್ಬ ರೋಗಿಗೆ ಗುಣವಾಯಿತೇ ಇಲ್ಲವೇ ಎಂದು ಆ ಕ್ಲಿನಿಕ್ಕಿಗೂ ಗೊತ್ತಾಗುವುದಿಲ್ಲ.

ಜನ ಅಲ್ಲಿಗೇ ಏಕೆ ಹೋಗುತ್ತಾರೆ? ಈ ಪ್ರಶ್ನೆಯ ಉತ್ತರ ತಮ್ಮ ಇಲಾಖೆಯ ಅಂಗಳದಲ್ಲಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಎಡಿಎಚ್‌ಡಿಗೆ ಜಗತ್ತಿನಾದ್ಯಂತ ಮೊದಲ ಸಾಲಿನಲ್ಲಿ ಬಳಸುವ ಔಷಧಗಳಲ್ಲಿ ಮೆಥೈಲ್‌ಫೆನಿಡೇಟ್ ಒಂದು. ದುರ್ಬಳಕೆಯಾಗಬಹುದು ಎಂಬ ಕಾರಣಕ್ಕೆ ಇದು ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಮನಃಪರಿಣಾಮಕಾರಿ ವಸ್ತುಗಳ ಪಟ್ಟಿಯಲ್ಲಿದೆ, ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿದೆ. ಮಾರುವ ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು. ಮಾತ್ರೆಯನ್ನು ಬೀಗ ಹಾಕಿದ ಕಪಾಟಿನಲ್ಲಿಡಬೇಕು. ವೈದ್ಯರ ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಕಾಪಾಡಬೇಕು. ಈ ಎಚ್ಚರ ಸರಿಯೇ. ಅದನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಆದರೆ ತಿಂಗಳಿಗೆ ನಾಲ್ಕಾರು ಗಿರಾಕಿ ಬರುವ ಮಾತ್ರೆಗಾಗಿ ಜಿಲ್ಲಾ ಕೇಂದ್ರದ ಔಷಧ ವ್ಯಾಪಾರಿ ಇಷ್ಟೆಲ್ಲ ತಾಪತ್ರಯ ಮೈಮೇಲೆ ಎಳೆದುಕೊಳ್ಳುವುದಿಲ್ಲ. ನಾನು ಕೇಳಿದ ಅಂಗಡಿಗಳಲ್ಲೆಲ್ಲ ಒಂದೇ ಉತ್ತರ: "ಅದನ್ನು ನಾವು ಇಡುವುದಿಲ್ಲ, ಬೆಂಗಳೂರಿಗೇ ಹೋಗಿ." ಒಂದು ಕಡೆಯಂತೂ ಕೌಂಟರಿನ ಹುಡುಗ ಚೀಟಿಯನ್ನು ಮಾಲೀಕರಿಗೆ ತೋರಿಸಿ ಬಂದು, ನಾನು ಕಳ್ಳಮಾಲು ಕೇಳಿದವಳೇನೋ ಎಂಬಂತೆ ದನಿ ತಗ್ಗಿಸಿ "ಇಲ್ಲ" ಎಂದ. ಹಿಂದೆ ನಿಂತಿದ್ದವರು ನಮ್ಮ ಬ್ಯಾಂಕಿನ ಗ್ರಾಹಕರು. ಆ ಸಂಜೆ ಮನೆಗೆ ಹೇಗೆ ನಡೆದುಬಂದೆನೋ ನನಗೇ ತಿಳಿಯದು.

ಹಾಗಾಗಿ ಪ್ರತಿ ತಿಂಗಳೂ ಯಾರಾದರೂ ಬೆಂಗಳೂರಿಗೆ ಹೋಗಬೇಕು. ರಜೆ ಹಾಕಬೇಕು, ರೈಲಿಗೋ ಬಸ್ಸಿಗೋ ಟಿಕೆಟ್ ತೆಗೆಯಬೇಕು, ಚೀಟಿಯ ದಿನಾಂಕ ಮೀರದಂತೆ ನೋಡಿಕೊಳ್ಳಬೇಕು. ಮರೆಯುವುದೇ ಕಾಯಿಲೆಯಾಗಿರುವ ಮನುಷ್ಯನಿಂದ ಇಷ್ಟನ್ನೂ ಮರೆಯದೆ ಮಾಡಿಸುವ ವ್ಯವಸ್ಥೆ ಇದು. ಅಟೊಮಾಕ್ಸೆಟಿನ್‌ಗೆ ಈ ಕಟ್ಟುಪಾಡಿಲ್ಲ. ಆದರೆ ಅದರ ಪೂರ್ಣ ಪರಿಣಾಮ ಕಾಣಲು ವಾರಗಳು ಬೇಕು, ಎಲ್ಲರಿಗೂ ಒಗ್ಗುವುದಿಲ್ಲ. ನನಗೆ ಹೊಟ್ಟೆ ತೊಳಸಿ ಅನ್ನವೇ ಸೇರುತ್ತಿರಲಿಲ್ಲ. ವಯಸ್ಕರಿಗೆಂದೇ ರೂಪಿಸಿದ, ಯೋಚನೆ ಮತ್ತು ಅಭ್ಯಾಸಗಳನ್ನು ಮಾತುಕತೆಯಿಂದ ತಿದ್ದುವ ಅರಿವಿನ ವರ್ತನಾ ಚಿಕಿತ್ಸೆಯನ್ನು ಬಲ್ಲ, ಕನ್ನಡದಲ್ಲಿ ಮಾತಾಡುವವರು ನಮ್ಮ ಕಡೆ ಹುಡುಕಿದರೂ ಸಿಗಲಿಲ್ಲ. ಇಂಥ ಊರಿಗೆ, "ಮಾತ್ರೆಯ ಗೊಡವೆಯೇ ಬೇಡ, ಚಟ ಅಂಟುವ ಭಯವಿಲ್ಲ" ಎನ್ನುತ್ತ ಕ್ಲಿನಿಕ್ಕಿನ ಕಾರು ಬರುತ್ತದೆ. ಸರ್ಕಾರ ಬಿಟ್ಟ ಖಾಲಿ ಜಾಗದಲ್ಲಿ ಅವರು ಅಂಗಡಿ ತೆರೆದಿದ್ದಾರೆ. ಅವರನ್ನು ಮಾತ್ರ ಎಬ್ಬಿಸಿದರೆ ಸಾಲದು. ಆ ಜಾಗವನ್ನು ತುಂಬಬೇಕು.

ಕಾಯ್ದೆಗಳ ಕೊರತೆ ಇದೆಯೆಂದು ಯಾರೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವಿದ್ಯುತ್ ಆಘಾತ ಚಿಕಿತ್ಸೆಯನ್ನು ಹೇಗೆ ಕೊಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಕೂಡದು ಎನ್ನುತ್ತದೆ. ಟಿಎಂಎಸ್, ಟಿಡಿಸಿಎಸ್ ಬಗ್ಗೆ ಮಾತ್ರ ಅದರಲ್ಲಿ ಸೊಲ್ಲಿಲ್ಲ. ಆ ಮೌನವನ್ನು ತುಂಬುವ ಅಧಿಕಾರ ರಾಜ್ಯದ ಬಳಿ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಅದರಡಿ ಪ್ರತಿ ಜಿಲ್ಲೆಯಲ್ಲೂ ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ದೂರುಗಳನ್ನು ನೋಡುವ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಮಿದುಳು ಮತ್ತು ನರಮಂಡಲದ ಕಾಯಿಲೆ ಗುಣಪಡಿಸುತ್ತೇವೆ ಎಂಬ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿರ್ಬಂಧಿಸುತ್ತದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಆಟಿಸಂ ಇರುವ ಮಕ್ಕಳಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾರುತ್ತಿದ್ದವರ ವಿಷಯದಲ್ಲಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಅದನ್ನು ಶಿಫಾರಸು ಮಾಡುವುದಿಲ್ಲ, ಪ್ರಚಾರ ಮಾಡಿದರೆ ವೃತ್ತಿ ದುರ್ನಡತೆ ಎಂದಿತು. ಮಿದುಳು ಪ್ರಚೋದನೆಯನ್ನು ಅದರ ಸಾಲಿಗೆ ಸೇರಿಸಿ ಎನ್ನುತ್ತಿಲ್ಲ. ಪ್ರಾಧಿಕಾರ ಮನಸ್ಸು ಮಾಡಿದರೆ ಒಂದು ಸ್ಪಷ್ಟ ಆದೇಶ ಬರಲು ಸಾಧ್ಯ ಎಂಬುದಕ್ಕೆ ಉದಾಹರಣೆ ಕೊಟ್ಟೆ.

ಆದ್ದರಿಂದ ತಮ್ಮಲ್ಲಿ ನನ್ನ ಮನವಿಗಳು ಇವು.

ಮಿದುಳು ಪ್ರಚೋದನೆ ಕೊಡುವ ಪ್ರತಿಯೊಂದು ಖಾಸಗಿ ಸಂಸ್ಥೆಯೂ ಅದನ್ನು ನೋಂದಣಿಯಲ್ಲಿ ಪ್ರತ್ಯೇಕವಾಗಿ ತೋರಿಸುವಂತೆ ಮಾಡಿ. ಮನೋವೈದ್ಯರು ಪರೀಕ್ಷಿಸಿ ಬರೆದ ಚೀಟಿಯಿಲ್ಲದೆ ಯಾರ ತಲೆಗೂ ತಂತಿ ಕಟ್ಟಬಾರದು. ಸಮ್ಮತಿ ಪತ್ರ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. "ವಯಸ್ಕರ ಎಡಿಎಚ್‌ಡಿಗೆ ಈ ಚಿಕಿತ್ಸೆಯ ಪರಿಣಾಮ ಇನ್ನೂ ಸಾಬೀತಾಗಿಲ್ಲ" ಎಂಬ ಸಾಲು ಅದರ ಮೊದಲ ಪುಟದಲ್ಲೇ, ಸಹಿಯ ಜಾಗಕ್ಕಿಂತ ಮೇಲೆ ಇರಬೇಕು. ಎಷ್ಟು ವಿದ್ಯುತ್, ಎಷ್ಟು ಹೊತ್ತು, ಕೆಂಪು ತಂತಿ ಯಾವ ಬದಿಗೆ ಎಂಬುದನ್ನು ಪ್ರತಿ ಸಲವೂ ಬರೆದು ರೋಗಿಗೆ ಪ್ರತಿ ಕೊಡಬೇಕು. ಸುಟ್ಟಗಾಯ, ಮೂರ್ಛೆ, ಮನಸ್ಥಿತಿಯ ಏರುಪೇರು ಏನಾದರೂ ಆದರೆ ಜಿಲ್ಲಾ ಪ್ರಾಧಿಕಾರಕ್ಕೆ ವರದಿ ಹೋಗಬೇಕು. ಪೂರ್ತಿ ಹಣ ಮುಂಗಡ ಕೇಳುವ ಪ್ಯಾಕೇಜ್ ಪದ್ಧತಿಯನ್ನು ನಿಲ್ಲಿಸಬೇಕು. ಹೋಟೆಲ್ ಸಭಾಂಗಣದ ಶಿಬಿರಗಳಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿ ಕಡ್ಡಾಯವಾಗಬೇಕು.

ಎರಡನೆಯದು ಮಾತ್ರೆಯ ವಿಷಯ. ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ತುರ್ತಿನದು. ಪ್ರತಿ ಜಿಲ್ಲಾಸ್ಪತ್ರೆಯ ಔಷಧಾಲಯದಲ್ಲಿ ಎಕ್ಸ್ ಅನುಸೂಚಿಯ ಔಷಧ ಇಡಲು ಬೇಕಾದ ಪರವಾನಗಿ, ಕಪಾಟು, ವಹಿ ಇರುವ ಒಂದೇ ಒಂದು ಕೌಂಟರ್ ಸಾಕು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ ಮೆಥೈಲ್‌ಫೆನಿಡೇಟ್ ಮತ್ತು ಅಟೊಮಾಕ್ಸೆಟಿನ್ ತರಿಸಿದರೆ ದುರ್ಬಳಕೆಯ ಮೇಲಿನ ನಿಗಾ ಖಾಸಗಿ ಅಂಗಡಿಗಿಂತ ಬಿಗಿಯಾಗಿಯೇ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗಳಿವೆ, ಜಿಲ್ಲಾ ಮಾನಸಿಕ ಆರೋಗ್ಯ ತಂಡಗಳಿವೆ, 14416 ಸಂಖ್ಯೆಯ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ಅಲ್ಲಿನ ವೈದ್ಯರಿಗೂ ಆಪ್ತಸಮಾಲೋಚಕರಿಗೂ ದೊಡ್ಡವರಲ್ಲಿ ಎಡಿಎಚ್‌ಡಿಯನ್ನು ಗುರುತಿಸುವ, ಖಿನ್ನತೆ ಮತ್ತು ಆತಂಕದಿಂದ ಅದನ್ನು ಬೇರ್ಪಡಿಸಿ ನೋಡುವ ತರಬೇತಿ ಕೊಡಿಸಿ. ಬೇಕಿರುವುದು ಹೊಸ ಕಟ್ಟಡವಲ್ಲ, ಇರುವ ಜನರಿಗೆ ಇನ್ನೊಂದು ಕಾಯಿಲೆಯ ಪರಿಚಯ.

ಮೂರನೆಯದು, ಈ ವಿಜ್ಞಾನದ ಮೇಲೆ ಭರವಸೆ ಇಟ್ಟವಳಾಗಿ ಕೇಳುತ್ತಿರುವುದು. ನಿಮ್ಹಾನ್ಸ್ ಮತ್ತು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಜೊತೆಗೂಡಿ, ಒಂದೆರಡು ಜಿಲ್ಲಾಸ್ಪತ್ರೆಗಳನ್ನೂ ಸೇರಿಸಿಕೊಂಡು, ವಯಸ್ಕರ ಎಡಿಎಚ್‌ಡಿಯಲ್ಲಿ ಟಿಡಿಸಿಎಸ್‌ನ ಸಾರ್ವಜನಿಕ ಪ್ರಯೋಗ ನಡೆಸಲಿ. ಹುಸಿ ಪ್ರಚೋದನೆಯ ಗುಂಪು ಇರಲಿ, ಮಾತ್ರೆಯ ಜೊತೆ ಮತ್ತು ಮಾತ್ರೆಯಿಲ್ಲದೆ ಎರಡೂ ನೋಡಲಿ, ಆರು ತಿಂಗಳು ವರ್ಷ ಕಳೆದ ಮೇಲೂ ರೋಗಿಗಳನ್ನು ವಿಚಾರಿಸಲಿ. ವೈದ್ಯರು ಏನು ಕಂಡರು ಎಂಬುದರ ಜೊತೆಗೆ, ನಮಗೆ ಏನನ್ನಿಸಿತು ಎಂಬುದನ್ನೂ ಅಷ್ಟೇ ತೂಕದಲ್ಲಿ, ಕನ್ನಡದ ಪ್ರಶ್ನಾವಳಿಯಲ್ಲಿ ದಾಖಲಿಸಲಿ. ಫಲಿತಾಂಶ ಹೌದಾದರೂ ಇಲ್ಲವಾದರೂ ಪ್ರಕಟವಾಗಲಿ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಅಂಥ ರಾಜ್ಯಕ್ಕೆ ಇದು ಮೀರಿದ ಕೆಲಸವಲ್ಲ. ಟಿಡಿಸಿಎಸ್ ಸಾಧನ ದುಬಾರಿಯದ್ದಲ್ಲ, ಮನೆಯಲ್ಲೂ ಬಳಸಬಹುದು. ಅದು ನಿಜಕ್ಕೂ ಕೆಲಸ ಮಾಡುತ್ತದೆ ಎಂದಾದರೆ ಬೆಂಗಳೂರಿಗೆ ಹೋಗಲಾಗದ ಹಾವೇರಿಯ ರೈತನಿಗೇ ಅದರ ಹೆಚ್ಚಿನ ಪ್ರಯೋಜನ. ಕೆಲಸ ಮಾಡುವುದಿಲ್ಲ ಎಂದಾದರೆ ಆತನ ಹಣ ಉಳಿಯುತ್ತದೆ.

ಕೊನೆಯದಾಗಿ, ಆನ್‌ಲೈನಿನಲ್ಲಿ ಇಂಥ ಸಾಧನ ತರಿಸಿಕೊಂಡು ತಾವೇ ತಲೆಗೆ ಕಟ್ಟಿಕೊಳ್ಳುತ್ತಿರುವ ವಿದ್ಯಾರ್ಥಿಗಳ ಬಗ್ಗೆ. ಶಿಬಿರಕ್ಕೆ ಬಂದಿದ್ದ ಇಬ್ಬರು ಹುಡುಗರು ಪರೀಕ್ಷೆ ಹತ್ತಿರ ಬಂದಾಗ ದಿನಕ್ಕೆ ಎರಡೆರಡು ಸಲ ಬಳಸುವುದಾಗಿ ಹೆಮ್ಮೆಯಿಂದ ಹೇಳುತ್ತಿದ್ದರು. 2016ರಲ್ಲಿ ಈ ಕ್ಷೇತ್ರದ 39 ಸಂಶೋಧಕರು ಸಹಿ ಹಾಕಿ ಇಂಥ ಸ್ವಯಂ ಪ್ರಯೋಗ ಮಾಡುವವರಿಗೇ ಬಹಿರಂಗ ಪತ್ರ ಬರೆದಿದ್ದರು. ವಿದ್ಯುತ್ ಅಂದುಕೊಂಡ ಜಾಗದಾಚೆಗೂ ಹರಿಯುತ್ತದೆ, ಒಂದು ಸಾಮರ್ಥ್ಯ ಹೆಚ್ಚಿದರೆ ಇನ್ನೊಂದು ಕುಗ್ಗಬಹುದು, ಪರಿಣಾಮ ಬಹುಕಾಲ ಉಳಿಯಬಹುದು, ಒಬ್ಬರಿಗೆ ಆದಂತೆ ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಅದರಲ್ಲಿ ಎಚ್ಚರಿಸಿದ್ದರು. ಆ ಎಚ್ಚರಿಕೆ ಕನ್ನಡದಲ್ಲಿ ನಮ್ಮ ಕಾಲೇಜುಗಳ ಸೂಚನಾ ಫಲಕಕ್ಕೆ ತಮ್ಮ ಇಲಾಖೆಯಿಂದಲೇ ತಲುಪಲಿ.

ನನ್ನ ಬಳಿ ಇರುವ ರಸೀದಿ, ಸಮ್ಮತಿ ಪತ್ರದ ಪ್ರತಿ, ಮಿದುಳಿನ ನಕ್ಷೆ, ಹಣೆಯ ಗಾಯದ ಛಾಯಾಚಿತ್ರ, ಕ್ಲಿನಿಕ್ಕಿಗೆ ಬರೆದ ದೂರು ಎಲ್ಲವನ್ನೂ ಜಿಲ್ಲಾಧಿಕಾರಿಗಳ ಕಚೇರಿಗೆ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸುತ್ತಿದ್ದೇನೆ. ಆ ಕ್ಲಿನಿಕ್ಕಿನ ಹೆಸರನ್ನು ಇಲ್ಲಿ ಬರೆಯಲಿಲ್ಲ. ಒಂದನ್ನು ಮುಚ್ಚಿಸಿ ಉಳಿದವನ್ನು ಬಿಡುವ ಕ್ರಮ ನನಗೆ ಬೇಡ. ಈ ಮನವಿಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ, ಒಪ್ಪಿದ್ದನ್ನು ಯಾವ ತಿಂಗಳೊಳಗೆ ಜಾರಿಗೆ ತರುತ್ತೀರಿ ಎಂಬುದನ್ನು ದಯವಿಟ್ಟು ಸಾರ್ವಜನಿಕವಾಗಿಯೇ ತಿಳಿಸಿ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಎಡಿಎಚ್‌ಡಿ ಇರುವ ಒಬ್ಬ ಬ್ಯಾಂಕ್ ಉದ್ಯೋಗಿ
ಶಿವಮೊಗ್ಗ